ಗುಂಡುಪಿನ್ನಿನ ತುಕ್ಕು ತೋರಿಸಿದ ದಾರಿ: ಒಂದು ವಿದ್ವತ್ ಸಂಘದ ಹಳೆಯ ದಾಖಲೆಗಳನ್ನು ಮತ್ತೆ ಜೋಡಿಸಿದ ಬಗೆ

ಒಂದು ಹಾಳೆಯಿಂದ ಶುರು ಮಾಡುತ್ತೇನೆ. ಅರ್ಧ ಪುಟದ ಕಾಗದ, ಎರಡು ಮಡಿಕೆ, ಎಡಗಡೆ ಮೇಲಿನ ಮೂಲೆಯಲ್ಲಿ ಗುಂಡುಪಿನ್ನು ಚುಚ್ಚಿದ ಎರಡು ತೂತು, ತೂತಿನ ಸುತ್ತ ಕಂದು ತುಕ್ಕು. ಅದರಲ್ಲಿ ಬರೆದಿದ್ದು ಇಷ್ಟೇ: ಲೇಖನ ಓದಿದ್ದೇನೆ, ಮೊದಲ ಭಾಗ ಚೆನ್ನಾಗಿದೆ, ಎರಡನೇ ಭಾಗ ಕೈಬಿಟ್ಟರೆ ಅಚ್ಚು ಹಾಕಬಹುದು. ಸಹಿಯ ಜಾಗದಲ್ಲಿ ಎರಡಕ್ಷರ. ದಿನ, ತಿಂಗಳು ಇದೆ, ವರ್ಷ ಇಲ್ಲ. ಯಾವ ಲೇಖನ? ಯಾರದು? ಕೊನೆಗೆ ಅಚ್ಚಾಯಿತಾ? ಹಾಳೆ ಸಿಕ್ಕಿದ್ದು ‘ಸಸ್ಯಶಾಸ್ತ್ರ’ ಅಂತ ಚೀಟಿ ಅಂಟಿಸಿದ್ದ ಪೆಟ್ಟಿಗೆಯಲ್ಲಿ. ಅದರ ಮೇಲೆ ಒಂದು ಉಪನ್ಯಾಸದ ಆಮಂತ್ರಣ, ಕೆಳಗೆ ಗಿಡಗಳ ಹೆಸರಿನ ಪಟ್ಟಿ. ಆ ಎರಡಕ್ಕೂ ಈ ಹಾಳೆಗೂ ಯಾವ ಸಂಬಂಧವೂ ಕಾಣಲಿಲ್ಲ.

ಇದೊಂದು ವಿದ್ವತ್ ಸಂಘದ ದಾಖಲೆ ಕೋಣೆಯ ಪ್ರಕರಣ. ಸಂಘದ ಹೆಸರು ಹೇಳುವುದಿಲ್ಲ, ಅದು ಬೇಕಾಗಿಯೂ ಇಲ್ಲ. ನೂರು ವರ್ಷ ದಾಟಿದ ಸಂಘ. ತಿಂಗಳ ಸಭೆ, ಒಂದು ಪತ್ರಿಕೆ, ಒಂದು ಗ್ರಂಥಾಲಯ, ಆಗಾಗ ಬಹುಮಾನ, ಕೆಲವು ಸಲ ಕ್ಷೇತ್ರಕಾರ್ಯ. ಇಂಥ ಸಂಘಗಳು ಎಲ್ಲೇ ಇರಲಿ, ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡುತ್ತವೆ, ಆದ್ದರಿಂದ ಅವುಗಳ ಕಾಗದಪತ್ರ ಕೆಡುವ ರೀತಿಯೂ ಒಂದೇ ಥರ. ನನ್ನನ್ನು ಕರೆದಿದ್ದು 14 ತಿಂಗಳ ಕೆಲಸಕ್ಕೆ. ಜೊತೆಗೆ ಇಬ್ಬರು ಸಹಾಯಕರು. ಕೆಲಸದ ಪತ್ರದಲ್ಲಿ ‘ವರ್ಗೀಕರಿಸಿ ಪಟ್ಟಿ ಮಾಡುವುದು’ ಅಂತ ಇತ್ತು.

ಹೋಗಿ ನೋಡಿದರೆ ಅವು ಆಗಲೇ ವರ್ಗೀಕರಣ ಆಗಿದ್ದವು! ಸುಮಾರು ಮೂವತ್ತು ವರ್ಷದ ಹಿಂದೆ ಸಂಘದ ಹಿರಿಯ ಸದಸ್ಯರೊಬ್ಬರು, ಯಾರೂ ಕೇಳದಿದ್ದರೂ, ಒಂದು ಪೈಸೆ ತೆಗೆದುಕೊಳ್ಳದೆ, ದಿನಾ ಸಂಜೆ ಬಂದು ಕೂತು ಎಲ್ಲವನ್ನೂ ವಿಷಯವಾರು ಬೇರ್ಪಡಿಸಿದ್ದರು. ಇತಿಹಾಸ, ಶಾಸನ, ಭಾಷೆ, ಸಸ್ಯಶಾಸ್ತ್ರ, ಖಗೋಳ, ವೈದ್ಯ, ಜೀವನಚರಿತ್ರೆ, ಇತರೆ. ಒಟ್ಟು 61 ಪೆಟ್ಟಿಗೆ. ಅದರ ಮೇಲೆ, ಇನ್ನೂ ಹಿಂದಿನ ತಲೆಮಾರಿನಲ್ಲಿ ಯಾರೋ ವಿಷಯವಾರು ಹೊಲಿಸಿ ಬೈಂಡ್ ಮಾಡಿಸಿದ್ದ 19 ಸಂಪುಟಗಳು. ಆ ಹಿರಿಯರ ಬಗ್ಗೆ ನನಗೆ ನಿಜವಾದ ಗೌರವ ಇದೆ. ಅವರು ಕೈ ಹಾಕದೇ ಇದ್ದಿದ್ದರೆ ಅರ್ಧ ಕಾಗದ ಗೆದ್ದಲಿಗೆ ಹೋಗುತ್ತಿತ್ತು. ಆದರೆ ಅವರು ಗ್ರಂಥಾಲಯದ ಕಣ್ಣಿನಿಂದ ನೋಡಿದ್ದರು. ಪುಸ್ತಕ ಒಂಟಿಯಾಗಿ ನಿಲ್ಲುತ್ತದೆ, ಅದನ್ನು ಯಾವ ಕಪಾಟಿನಲ್ಲಿ ಇಟ್ಟರೂ ಅದರ ಅರ್ಥ ಅದರೊಳಗೇ ಇರುತ್ತದೆ. ದಾಖಲೆ ಹಾಗಲ್ಲ. ಆ ಅರ್ಧ ಪುಟದ ಹಾಳೆಯ ಅರ್ಥ ಅದರ ಪಕ್ಕದ ಹಾಳೆಯಲ್ಲಿತ್ತು, ಪಕ್ಕದ ಹಾಳೆ ಬೇರೆ ಪೆಟ್ಟಿಗೆಗೆ ಹೋಗಿತ್ತು.

ಸಂಘದೊಳಗೆ ಕಾಗದ ಹುಟ್ಟುವ ಬಗೆ

ಇದನ್ನು ಅರ್ಥ ಮಾಡಿಕೊಳ್ಳದೆ ಮುಂದೆ ಹೋಗಲು ಸಾಧ್ಯವಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಬ್ಬ ಸದಸ್ಯ ಲೇಖನ ಕಳಿಸುತ್ತಾನೆ. ಕಚೇರಿಯಲ್ಲಿ ಗುಮಾಸ್ತರು ಅದಕ್ಕೆ ಇನ್‌ವರ್ಡ್ ನಂಬರ್ (ಒಳಬಂದ ಕಾಗದದ ಕ್ರಮಸಂಖ್ಯೆ) ಹಾಕಿ ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯುತ್ತಾರೆ. ಲೇಖನ ಸಂಪಾದಕರಿಗೆ ಹೋಗುತ್ತದೆ. ಅವರು ಅದನ್ನು ಇಬ್ಬರು ಬಲ್ಲವರಿಗೆ ಕಳಿಸುತ್ತಾರೆ, ಅವರ ಅಭಿಪ್ರಾಯ ವಾಪಸ್ ಬರುತ್ತದೆ. ತಿಂಗಳ ಸಭೆಯಲ್ಲಿ ಲೇಖನ ಓದುತ್ತಾರೆ, ಚರ್ಚೆ ನಡಾವಳಿ ಪುಸ್ತಕಕ್ಕೆ ಸೇರುತ್ತದೆ. ಪ್ರಕಟಣಾ ಸಮಿತಿ ತೀರ್ಮಾನ ಮಾಡುತ್ತದೆ. ಲೇಖಕರಿಗೆ ಪತ್ರ ಹೋಗುತ್ತದೆ, ಅದರ ಕಾರ್ಬನ್ ಪ್ರತಿ ಕಚೇರಿಯಲ್ಲಿ ಉಳಿಯುತ್ತದೆ. ಆಮೇಲೆ ಮುದ್ರಣಾಲಯ, ಕರಡಚ್ಚು, ತಿದ್ದುಪಡಿ, ಚಿತ್ರದ ಅಚ್ಚಿಗೆ ಬ್ಲಾಕ್ ಮಾಡಿಸಿದ ಬಿಲ್ಲು, ಲೇಖನದ ಪ್ರತ್ಯೇಕ ಪ್ರತಿಗಳಿಗೆ ಕೇಳಿದ ಪತ್ರ. ಒಂದು ಲೇಖನ ಹತ್ತು ಹನ್ನೆರಡು ಕಾಗದ ಹುಟ್ಟಿಸುತ್ತದೆ. ಈ ಹನ್ನೆರಡೂ ಒಂದೇ ಟ್ಯಾಗಿನಲ್ಲಿ, ಒಂದೇ ಪಿನ್ನಿನಲ್ಲಿ ಇದ್ದಾಗ ಆ ಸಂಘ ಹೇಗೆ ಯೋಚಿಸುತ್ತಿತ್ತು, ಯಾವುದನ್ನು ಒಪ್ಪಿತು, ಯಾವುದನ್ನು ತಳ್ಳಿತು, ಯಾಕೆ ತಳ್ಳಿತು ಅಂತ ಕಾಣುತ್ತದೆ. ಲೇಖನ ಮಾತ್ರ ‘ಸಸ್ಯಶಾಸ್ತ್ರ’ಕ್ಕೆ, ಅಭಿಪ್ರಾಯ ‘ಪತ್ರಗಳು’ ಪೆಟ್ಟಿಗೆಗೆ, ಬಿಲ್ಲು ‘ಹಣಕಾಸಿ’ಗೆ ಹೋದರೆ ಹನ್ನೆರಡು ಕಾಗದವೂ ಉಳಿದಿರುತ್ತವೆ, ಆದರೆ ನಡೆದ ಘಟನೆ ಮಾಯವಾಗಿರುತ್ತದೆ.

ಹಳೆಯ ಸಂಘಗಳಲ್ಲಿ ಈ ಸರಪಳಿ ಬಹಳ ಹಿಂದಿನದು. ಲಂಡನ್ನಿನ ರಾಯಲ್ ಸೊಸೈಟಿ 1660ರಲ್ಲಿ ಹುಟ್ಟಿತು, ಅದರ ಪತ್ರಿಕೆ 1665ರಲ್ಲಿ ಶುರುವಾಯಿತು, ತಜ್ಞರ ಲಿಖಿತ ಅಭಿಪ್ರಾಯಗಳು 1832ರಿಂದ ಅವರ ಸಂಗ್ರಹದಲ್ಲಿ ಬೇರೆಯದೇ ಸರಣಿಯಾಗಿ ಉಳಿದಿವೆ. ವಿಜ್ಞಾನದ ಇತಿಹಾಸ ಬರೆಯುವವರು ಇವತ್ತು ಅಚ್ಚಾದ ಲೇಖನದಷ್ಟೇ ಆ ಅಭಿಪ್ರಾಯಗಳನ್ನೂ ಹುಡುಕಿಕೊಂಡು ಹೋಗುತ್ತಾರೆ.

ಮೊದಲು ಏನನ್ನೂ ಮುಟ್ಟಲಿಲ್ಲ

ಹೊಸದಾಗಿ ಈ ಕೆಲಸಕ್ಕೆ ಬಂದವರ ಕೈ ತುರಿಸುತ್ತದೆ. ಪೆಟ್ಟಿಗೆ ತೆಗೆದ ಕೂಡಲೇ ಬೇರ್ಪಡಿಸಬೇಕು ಅನ್ನಿಸುತ್ತದೆ. ನಾವು ಮೊದಲ ಐದು ವಾರ ಒಂದು ಹಾಳೆಯನ್ನೂ ಜಾಗ ಬದಲಿಸಲಿಲ್ಲ. ಕೋಣೆಯ ನಕ್ಷೆ ಬರೆದೆವು. ಪ್ರತಿ ಬೀರು, ಪ್ರತಿ ಅಟ್ಟ, ಪ್ರತಿ ಪೆಟ್ಟಿಗೆಗೆ ತಾತ್ಕಾಲಿಕ ನಂಬರ್ ಕೊಟ್ಟೆವು, ಇದ್ದ ಹಾಗೇ ಫೋಟೋ ತೆಗೆದೆವು. ಯಾವ ಪೆಟ್ಟಿಗೆಯಲ್ಲಿ ಬೂಷ್ಟು ಇದೆ, ಯಾವುದರಲ್ಲಿ ಬೆಳ್ಳಿಹುಳ ಓಡಾಡುತ್ತಿದೆ ಅಂತ ಗುರುತು ಹಾಕಿ ಅಂಥವನ್ನು ಮಾತ್ರ ಬೇರೆ ಕೋಣೆಗೆ ಸಾಗಿಸಿದೆವು. ಬೂಷ್ಟು ಹಿಡಿದ ಕಾಗದ ಒಳ್ಳೆಯದರ ಪಕ್ಕ ಇರಲೇಬಾರದು.

ಕಚೇರಿಯ ಹಳೆಯ ಗುಮಾಸ್ತರು ನಿವೃತ್ತರಾಗಿದ್ದರು. ಅವರನ್ನು ಕರೆಸಿ ಒಂದು ದಿನ ಪೂರ್ತಿ ಕೂಡಿಸಿಕೊಂಡೆ. ‘ಈ ಕಬ್ಬಿಣದ ಬೀರು ಇಲ್ಲಿರಲಿಲ್ಲ ಮೇಡಂ, ಇದು ಸಂಪಾದಕರ ಕೋಣೆಯದು. ಅವರು ತೀರಿಕೊಂಡ ಮೇಲೆ ಇಲ್ಲಿಗೆ ತಂದ್ವಿ, ಒಳಗಿದ್ದದ್ದು ಒಳಗೇ ಇತ್ತು’ ಅಂದರು. ಆ ಒಂದು ಮಾತಿನಿಂದ ಗೊತ್ತಾಯಿತು, ಹಿರಿಯ ಸದಸ್ಯರ ಕೈ ಆ ಬೀರುವನ್ನು ಮುಟ್ಟಿಲ್ಲ, ಒಳಗಿನ ಕಟ್ಟುಗಳು ಸಂಪಾದಕರು ಇಟ್ಟ ಹಾಗೇ ಇವೆ ಅಂತ. ನಮಗೆ ಮಾದರಿ ಸಿಕ್ಕಿದ್ದು ಅಲ್ಲೇ. ಒಂದು ಲೇಖನಕ್ಕೆ ಒಂದು ಕಟ್ಟು, ಮೇಲೆ ಅರ್ಧ ಮಡಿಸಿದ ಹಾಳೆಯ ಹೊದಿಕೆ, ಹೊದಿಕೆಯ ಮೇಲೆ ಇನ್‌ವರ್ಡ್ ನಂಬರ್, ಕಾಗದ ಓಡಾಡಿದ ತಾರೀಕುಗಳು. ಗುಮಾಸ್ತರು ಹೇಳಿದ್ದನ್ನೆಲ್ಲ ಬರೆದು, ಅವರಿಗೆ ಓದಿ ಹೇಳಿ, ತಾರೀಕು ಹಾಕಿ ಇಟ್ಟೆವು. ಇಂಥ ಮಾತು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ, ಅವರು ಹೋದರೆ ಅದೂ ಹೋಗುತ್ತದೆ.

ಇನ್ನೊಂದು ಕಡೆ ನಡಾವಳಿ ಪುಸ್ತಕಗಳನ್ನು ಮೊದಲಿಂದ ಕೊನೆವರೆಗೆ ಓದಿದೆವು. ಬೇಸರದ ಕೆಲಸ ಅಂತ ಅನ್ನಿಸಬಹುದು, ನನಗೆ ಹಾಗೆ ಅನ್ನಿಸಲಿಲ್ಲ. ಯಾವ ವರ್ಷ ಯಾವ ಸಮಿತಿ ಹುಟ್ಟಿತು, ಯಾವಾಗ ಮುಚ್ಚಿತು, ಯಾವ ಕೆಲಸ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಒಂದು ಉದ್ದ ಚಾರ್ಟ್ ಗೋಡೆಗೆ ಅಂಟಿಸಿದೆವು. ಮುಂದಿನ ಪ್ರತಿ ತೀರ್ಮಾನಕ್ಕೂ ಆ ಗೋಡೆಯನ್ನೇ ನೋಡಿದ್ದು.

ಬಿಚ್ಚಬೇಕಾ, ಹಾಗೇ ಬಿಡಬೇಕಾ

ಇಡೀ ಪ್ರಕರಣದಲ್ಲಿ ಕಷ್ಟದ ಪ್ರಶ್ನೆ ಇದೇ. ದಾಖಲೆ ಶಾಸ್ತ್ರದಲ್ಲಿ ಎರಡು ಹಳೆಯ ಸೂತ್ರಗಳಿವೆ. ಒಂದು, ಒಬ್ಬರಿಂದ ಅಥವಾ ಒಂದು ಸಂಸ್ಥೆಯಿಂದ ಹುಟ್ಟಿದ ಕಾಗದವನ್ನು ಇನ್ನೊಬ್ಬರದರ ಜೊತೆ ಬೆರೆಸಬಾರದು. ಫ್ರಾನ್ಸಿನಲ್ಲಿ 1841ರ ಏಪ್ರಿಲ್ 24ರ ಸುತ್ತೋಲೆಯಲ್ಲಿ ನತಾಲಿಸ್ ದ ವೈಯಿ ಇದನ್ನು ನಿಯಮ ಮಾಡಿದರು. ಅದಕ್ಕೂ ಮುಂಚೆ ಅಲ್ಲಿನ ದಾಖಲೆಗಳನ್ನು ವಿಷಯವಾರು ಒಡೆದು ಜೋಡಿಸುವ ಅಭ್ಯಾಸ ಇತ್ತು, ಅದರಿಂದ ಆದ ಗೋಜಲು ನೋಡಿಯೇ ಈ ನಿಯಮ ಬಂದಿದ್ದು. ಎರಡನೆಯದು, ಹುಟ್ಟಿಸಿದವರು ಇಟ್ಟುಕೊಂಡ ಕ್ರಮವನ್ನು ಕೆಡಿಸಬಾರದು. 1881ರಲ್ಲಿ ಪ್ರಷ್ಯಾದ ಸರ್ಕಾರಿ ದಾಖಲಾಲಯ ಇದನ್ನು ತನ್ನ ನಿಯಮ ಮಾಡಿಕೊಂಡಿತು, 1898ರಲ್ಲಿ ಮೂವರು ಡಚ್ ದಾಖಲೆಗಾರರಾದ ಮುಲ್ಲರ್, ಫೈತ್, ಫ್ರೌಯಿನ್ 100 ನಿಯಮಗಳ ಕೈಪಿಡಿಯಲ್ಲಿ ಬಿಡಿಸಿ ಬರೆದರು.

ಸೂತ್ರ ಓದಿದರೆ ಉತ್ತರ ಸುಲಭ, ಬಿಚ್ಚಿ ಮೂಲ ಕ್ರಮಕ್ಕೆ ತರಬೇಕು. ಆದರೆ ಮೂವತ್ತು ವರ್ಷದಿಂದ ಜನ ಈ 61 ಪೆಟ್ಟಿಗೆಗಳನ್ನು ಬಳಸಿದ್ದಾರೆ, ತಮ್ಮ ಪುಸ್ತಕಗಳ ಅಡಿಟಿಪ್ಪಣಿಯಲ್ಲಿ ‘ಪೆಟ್ಟಿಗೆ 14, ಸಸ್ಯಶಾಸ್ತ್ರ’ ಅಂತ ಉಲ್ಲೇಖ ಕೊಟ್ಟಿದ್ದಾರೆ. ಬಿಚ್ಚಿದರೆ ಆ ಉಲ್ಲೇಖಗಳೆಲ್ಲ ಕುರುಡಾಗುತ್ತವೆ. ಜೊತೆಗೆ ಆ ಹಿರಿಯರು ಇನ್ನೂ ಬದುಕಿದ್ದರು, ವಾರಕ್ಕೊಮ್ಮೆ ಗ್ರಂಥಾಲಯಕ್ಕೆ ಬರುತ್ತಿದ್ದರು. ನಾನೇ ಹೋಗಿ ಮಾತಾಡಿದೆ. ಆ ಅರ್ಧ ಪುಟದ ಹಾಳೆ ತೋರಿಸಿ, ‘ಸಾರ್, ಇದು ಯಾವ ಕಟ್ಟಿನಲ್ಲಿತ್ತು ನೆನಪಿದೆಯಾ?’ ಅಂತ ಕೇಳಿದೆ. ತುಂಬಾ ಹೊತ್ತು ಹಾಳೆ ಹಿಡಿದುಕೊಂಡು ನೋಡಿದರು. ‘ಪಿನ್ನು ತೆಗೆದವನು ನಾನೇ ಅಮ್ಮ. ತುಕ್ಕು ಹಿಡಿದಿತ್ತು, ಕಾಗದ ತಿಂದುಬಿಡುತ್ತೆ ಅಂತ ತೆಗೆದೆ. ಯಾವುದಕ್ಕೆ ಸೇರಿತ್ತೋ ಬರೆದಿಟ್ಟುಕೊಳ್ಳಲಿಲ್ಲ’ ಅಂದರು. ಆಮೇಲೆ ಅವರೇ, ‘ಜೋಡಿಸೋಕೆ ಆಗುತ್ತೆ ಅಂದ್ರೆ ಜೋಡಿಸಿ’ ಅಂದರು.

ತೀರ್ಮಾನ ಹೀಗಾಯಿತು. ಬಿಡಿ ಹಾಳೆಗಳಿರುವ 61 ಪೆಟ್ಟಿಗೆ ಬಿಚ್ಚುವುದು. ಆದರೆ ಬಿಚ್ಚುವ ಮೊದಲು ಪ್ರತಿ ಹಾಳೆ ಯಾವ ಪೆಟ್ಟಿಗೆಯಲ್ಲಿ ಎಷ್ಟನೆಯದಾಗಿತ್ತು ಅಂತ ಸ್ಪ್ರೆಡ್‌ಶೀಟಿನಲ್ಲಿ ದಾಖಲಿಸುವುದು, ಹಳೆಯ ಉಲ್ಲೇಖ ಹಿಡಿದು ಬಂದವರಿಗೆ ಹೊಸ ಜಾಗ ತೋರಿಸಲು ಅದು ಬೇಕೇ ಬೇಕು. ಮುಂದೆ ಯಾರಿಗಾದರೂ ನಾವು ಮಾಡಿದ್ದು ತಪ್ಪು ಅನ್ನಿಸಿದರೆ ಅದನ್ನು ನೋಡಿಕೊಂಡು ವಿಷಯವಾರು ಕ್ರಮಕ್ಕೆ ವಾಪಸ್ ಹೋಗಲೂಬಹುದು. 19 ಬೈಂಡ್ ಸಂಪುಟಗಳನ್ನು ಮಾತ್ರ ಮುಟ್ಟುವುದಿಲ್ಲ. ಹೊಲಿಗೆ ಬಿಚ್ಚಿದರೆ ಕಾಗದಕ್ಕೆ ಪೆಟ್ಟು, ಅದಕ್ಕಿಂತ ಮುಖ್ಯವಾಗಿ ಆ ಸಂಪುಟಗಳನ್ನು ಮಾಡಿಸಿದ್ದು ಸಂಘವೇ, ಸಭೆಯ ನಿರ್ಣಯದ ಮೇಲೆ, ಕೆಲಸ ನಡೆಯುತ್ತಿದ್ದ ಕಾಲದಲ್ಲೇ. ಅಂದರೆ ಅದೂ ಸಂಘದ್ದೇ ಒಂದು ಕ್ರಮ. ರಾಯಲ್ ಸೊಸೈಟಿಯಲ್ಲೂ ಶುರುವಿನ ದಶಕಗಳ ಲೇಖನಗಳನ್ನು ಹೀಗೇ ವಿಷಯವಾರು ಸಂಪುಟಗಳಾಗಿ ಕಟ್ಟಿದ ಒಂದು ಹಳೆಯ ಸರಣಿ ಇದೆ, ಅದನ್ನು ಇವತ್ತಿಗೂ ಹಾಗೇ ಇಟ್ಟುಕೊಂಡಿದ್ದಾರೆ.

ತುಕ್ಕು, ಮಡಿಕೆ, ನಂಬರ್

ಇನ್ನು ಜೋಡಿ ಹುಡುಕುವ ಕೆಲಸ. ನಮ್ಮ ಕೈಯಲ್ಲಿದ್ದ ಗಟ್ಟಿ ಸಾಕ್ಷಿ ಇನ್‌ವರ್ಡ್ ರಿಜಿಸ್ಟರ್. ಬಂದ ಕಾಗದದ ಮೂಲೆಯಲ್ಲಿ ನೇರಳೆ ಸೀಲು, ಒಳಗೆ ಕೈಯಲ್ಲಿ ಬರೆದ ನಂಬರ್. ರಿಜಿಸ್ಟರಿನಲ್ಲಿ ಆ ನಂಬರಿನ ಎದುರು ಯಾರಿಂದ, ಏನು, ಯಾರಿಗೆ ಕಳಿಸಿತು ಅಂತ ಇರುತ್ತದೆ. ಅರ್ಧಕ್ಕಿಂತ ಜಾಸ್ತಿ ಕಾಗದ ಇದರಿಂದಲೇ ತನ್ನ ಮನೆ ಸೇರಿತು.

ಇಲ್ಲೇ ನಾವು ದೊಡ್ಡ ತಪ್ಪು ಮಾಡಿದ್ದು. ನಂಬರುಗಳು ಪ್ರತಿ ವರ್ಷ ಒಂದರಿಂದ ಶುರುವಾಗುತ್ತವೆ, ವರ್ಷ ಅಂದರೆ ಜನವರಿ ಅಂತ ನಾನು ಸುಮ್ನೆ ಅಂದುಕೊಂಡುಬಿಟ್ಟೆ. ಮೂರು ವಾರ ಹಾಗೇ ಜೋಡಿಸಿದೆವು. ಆಮೇಲೆ ಒಬ್ಬ ಸಹಾಯಕಿ ಒಂದು ಕಟ್ಟು ಹಿಡಿದುಕೊಂಡು ಬಂದಳು. ಲೇಖನ ಬರುವುದಕ್ಕೆ ಎಂಟು ತಿಂಗಳು ಮುಂಚೆಯೇ ಅದರ ಮೇಲೆ ಅಭಿಪ್ರಾಯ ಬಂದಿದೆ, ಹೇಗೆ ಸಾಧ್ಯ ಅಂತ ಕೇಳಿದಳು. ವಾರ್ಷಿಕ ವರದಿ ತೆಗೆದು ನೋಡಿದರೆ ಸಂಘದ ಕೆಲಸದ ವರ್ಷ ಶುರುವಾಗುತ್ತಿದ್ದುದು ಜುಲೈಯಲ್ಲಿ. ಮೂರು ವಾರದ ಕೆಲಸ ಪೂರ್ತಿ ಮತ್ತೆ ಮಾಡಬೇಕಾಯಿತು. ಪ್ರತಿ ಹಾಳೆಯ ಹಳೆಯ ಜಾಗ ಬರೆದಿಟ್ಟಿದ್ದರಿಂದ ಬಚಾವಾದೆವು. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಆ ಸಂಸ್ಥೆಯ ವರ್ಷ ಯಾವಾಗ ಶುರುವಾಗುತ್ತದೆ ನೋಡಿಕೊಳ್ಳಿ.

ನಂಬರ್ ಇಲ್ಲದ ಕಾಗದಕ್ಕೆ ಬೇರೆ ಗುರುತು ಬೇಕು. ಪಿನ್ನು ತುಕ್ಕು ಹಿಡಿದಾಗ ಅದರ ಅಚ್ಚು ಹಿಂದಿನ, ಮುಂದಿನ ಹಾಳೆಗೂ ಇಳಿಯುತ್ತದೆ. ಎರಡು ತೂತಿನ ನಡುವಿನ ಅಂತರ, ಓರೆ, ಮೂಲೆಯಿಂದ ಎಷ್ಟು ದೂರ, ಇವು ಮೂರೂ ಕೂಡಿ ಬಂದರೆ ಜೋಡಿ ಸಿಕ್ಕ ಹಾಗೆ. ಪಾರದರ್ಶಕ ಹಾಳೆಯ ಮೇಲೆ ಒಂದರ ತೂತು ಗುರುತು ಹಾಕಿಕೊಂಡು ಇನ್ನೊಂದರ ಮೇಲಿಟ್ಟು ನೋಡುತ್ತಿದ್ದೆವು. ಮಡಿಕೆಯೂ ಹಾಗೆ, ಒಂದೇ ಲಕೋಟೆಯಲ್ಲಿ ಬಂದ ಹಾಳೆಗಳ ಮಡಿಕೆ ಒಂದರ ಮೇಲೊಂದು ಸರಿಯಾಗಿ ಕೂರುತ್ತದೆ. ನೀರು ಬಿದ್ದ ಕಲೆ, ಹುಳ ಕೊರೆದ ದಾರಿ ಕೂಡ ಹಾಳೆಯಿಂದ ಹಾಳೆಗೆ ಮುಂದುವರಿಯುತ್ತದೆ. ಹುಳ ಪೆಟ್ಟಿಗೆಯ ವಿಷಯ ನೋಡಿಕೊಂಡು ತಿನ್ನುವುದಿಲ್ಲ, ಪಕ್ಕದಲ್ಲಿರುವುದನ್ನು ತಿನ್ನುತ್ತಾ ಹೋಗುತ್ತದೆ!

ಇದರಿಂದ ಒಂದು ಇಕ್ಕಟ್ಟು ಬಂತು. ತುಕ್ಕು ಹಿಡಿದ ಪಿನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಕಾಗದ ತೂತಾಗುತ್ತದೆ. ಆದರೆ ಪಿನ್ನೇ ಸಾಕ್ಷಿ. ಆದ್ದರಿಂದ ಉಳಿದಿದ್ದ ಪ್ರತಿ ಪಿನ್ನನ್ನೂ ಮೊದಲು ಫೋಟೋ ತೆಗೆದು, ಯಾವ ಯಾವ ಹಾಳೆ ಒಟ್ಟಿಗಿದ್ದವು ಅಂತ ಬರೆದುಕೊಂಡು, ಆಮೇಲೆ ಮೇಲೊಂದು ಕೆಳಗೊಂದು ತೆಳು ಪ್ಲಾಸ್ಟಿಕ್ ಪಟ್ಟಿ ಜಾರಿಸಿ ನಿಧಾನಕ್ಕೆ ಬಿಡಿಸಿದೆವು. ಪಿನ್ನಿನ ಬದಲು ಆಮ್ಲವಿಲ್ಲದ ಕಾಗದದ ಮಡಿಕೆಯೊಳಗೆ ಆ ಗುಂಪನ್ನು ಒಟ್ಟಿಗೇ ಇಟ್ಟೆವು. ನಂಬರ್ ಹಾಕಿದ್ದು ಮೆತ್ತನೆಯ ಪೆನ್ಸಿಲಿನಲ್ಲಿ, ಹಾಳೆಯ ಹಿಂದೆ. ಪೆನ್ನು, ಸ್ಟಿಕ್ಕರ್, ಸೆಲೋಟೇಪು ಕೋಣೆಯೊಳಗೇ ಬರಕೂಡದು ಅಂತ ಕಟ್ಟುನಿಟ್ಟು. ಹಳೆಯ ಸೆಲೋಟೇಪಿನ ಅಂಟು ಕಂದಾಗಿ ಅಕ್ಷರದ ಮೇಲೆ ಹರಡಿದ ಹಾಳೆಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಂಘದಿಂದ ಹೊರಗೆ ಹೋದ ಪತ್ರಗಳ ವಿಷಯ ಬೇರೆ. ಇತ್ತೀಚಿನವು ಕಾರ್ಬನ್ ಪ್ರತಿ, ಸುಲಭ. ಹಳೆಯ ಕಾಲದವು ಪ್ರತಿ ತೆಗೆಯುವ ಪ್ರೆಸ್ಸಿನವು. ಜೇಮ್ಸ್ ವಾಟ್ 1780ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು: ಶಾಯಿಯಲ್ಲಿ ಬರೆದ ಪತ್ರದ ಮೇಲೆ ತೇವ ಮಾಡಿದ ತೆಳು ಕಾಗದ ಇಟ್ಟು ಒತ್ತಿದರೆ ಅಕ್ಷರ ಉಲ್ಟಾ ಇಳಿಯುತ್ತದೆ, ಕಾಗದ ತೆಳುವಾಗಿರುವುದರಿಂದ ಹಿಂದಿನಿಂದ ಸರಿಯಾಗಿ ಓದಬಹುದು. ನಮ್ಮ ಸಂಘದಲ್ಲಿ ಇಂಥ ಏಳು ಪುಸ್ತಕ ಇದ್ದವು. ಬೆಳ್ಳುಳ್ಳಿ ಸಿಪ್ಪೆಯಂಥ ಹಾಳೆಗಳು. ಪುಟ ತಿರುಗಿಸಲು ಕೆಳಗೆ ಬಿಳಿ ಕಾಗದ ಜಾರಿಸಬೇಕು, ಆಗಲೇ ಅಕ್ಷರ ಮೇಲೆದ್ದು ಕಾಣುವುದು. ಹಿರಿಯರು ಇವುಗಳನ್ನು ‘ಹಾಳಾದವು’ ಅಂತ ಬರೆದು ಮೂಲೆಗಿಟ್ಟಿದ್ದರು. ನೋಡಿದರೆ ಇಪ್ಪತ್ತೆರಡು ವರ್ಷದ ಹೋದ ಪತ್ರಗಳು ತಾರೀಕಿನ ಕ್ರಮದಲ್ಲಿ, ಒಂದೂ ತಪ್ಪದೆ ಅಲ್ಲಿದ್ದವು.

ಸರಣಿಗಳು

ಗೋಡೆಯ ಚಾರ್ಟ್ ಇಟ್ಟುಕೊಂಡು ಒಂಬತ್ತು ಸರಣಿ, ಅಂದರೆ ಒಟ್ಟಿಗೆ ಸೇರಬೇಕಾದ ಕಾಗದಗಳ ದೊಡ್ಡ ಗುಂಪು, ಮಾಡಿದೆವು. ಆಡಳಿತ ಮತ್ತು ಸಭೆಗಳು, ಸದಸ್ಯತ್ವ, ಲೇಖನ ಮತ್ತು ಪ್ರಕಟಣೆ, ಸಾಮಾನ್ಯ ಪತ್ರವ್ಯವಹಾರ, ಉಪನ್ಯಾಸ, ಬಹುಮಾನ, ಕ್ಷೇತ್ರಕಾರ್ಯ, ಗ್ರಂಥಾಲಯದ ಆಡಳಿತ, ಹಣಕಾಸು. ಸಮಿತಿಗಳ ಹೆಸರಿನ ಮೇಲೆ ಸರಣಿ ಮಾಡೋಣ ಅಂತ ಮೊದಲು ಅಂದುಕೊಂಡಿದ್ದೆವು. ಆದರೆ ಪ್ರಕಟಣಾ ಸಮಿತಿಯ ಹೆಸರು ನಾಲ್ಕು ಸಲ ಬದಲಾಗಿತ್ತು, ಒಮ್ಮೆ ಅದನ್ನು ಗ್ರಂಥಾಲಯ ಸಮಿತಿಯ ಜೊತೆ ಸೇರಿಸಿ ಮತ್ತೆ ಬೇರೆ ಮಾಡಿದ್ದರು. ಹೆಸರು ಬದಲಾದರೂ ಮಾಡುತ್ತಿದ್ದ ಕೆಲಸ ಒಂದೇ. ಹಾಗಾಗಿ ಕೆಲಸವನ್ನೇ ಹಿಡಿದುಕೊಂಡೆವು, ಸಮಿತಿಗಳ ಹೆಸರು ಬದಲಾದ ಕಥೆಯನ್ನು ಸರಣಿಯ ವಿವರಣೆಯಲ್ಲಿ ಬರೆದೆವು.

ವಿವರಣೆ ಬರೆಯಲು ಅಂತರರಾಷ್ಟ್ರೀಯ ದಾಖಲಾ ಮಂಡಳಿಯ ಐಸ್ಯಾಡ್-ಜಿ ಮಾನದಂಡ ಬಳಸಿದೆವು. ಅದರ ಎರಡನೇ ಆವೃತ್ತಿ 2000ದ್ದು. 26 ಅಂಶಗಳಿವೆ, ಅದರಲ್ಲಿ ಆರು ಇಲ್ಲದಿದ್ದರೆ ಆಗುವುದಿಲ್ಲ: ಸಂಕೇತ, ಶೀರ್ಷಿಕೆ, ಹುಟ್ಟಿಸಿದವರು, ತಾರೀಕು, ಪ್ರಮಾಣ, ಯಾವ ಹಂತದ ವಿವರಣೆ ಎಂಬುದು. ಹಂತ ಅನ್ನುವುದು ಇಲ್ಲಿ ಜೀವಾಳ. ಇಡೀ ಸಂಘದ ಚರಿತ್ರೆ ಮೇಲಿನ ಹಂತದಲ್ಲಿ ಒಮ್ಮೆ ಹೇಳಿದರೆ ಸಾಕು, ಪ್ರತಿ ಫೈಲಿನಲ್ಲೂ ಅದನ್ನೇ ಬರೆಯುವುದಿಲ್ಲ. ಸರಣಿಗೆ ಸೇರಿದ ಮಾತು ಸರಣಿಯಲ್ಲಿ, ಫೈಲಿನದು ಫೈಲಿನಲ್ಲಿ. ಎಲ್ಲಾ ಹಾಳೆಗೂ ಬಿಡಿಬಿಡಿಯಾಗಿ ವಿವರಣೆ ಬರೆಯಬೇಕು ಅಂತ ಸಮಿತಿಯ ಒಬ್ಬ ಸದಸ್ಯರು ಪಟ್ಟು ಹಿಡಿದಿದ್ದರು. 14 ತಿಂಗಳಲ್ಲಿ ಅದು ಆಗುವ ಮಾತಲ್ಲ. ಎಲ್ಲಾ ಸರಣಿಯನ್ನೂ ಫೈಲಿನ ಹಂತದವರೆಗೆ ಮುಗಿಸಿ, ಲೇಖನಗಳ ಸರಣಿಯನ್ನು ಮಾತ್ರ ಹಾಳೆಯ ಹಂತಕ್ಕೆ ಇಳಿಸಿದೆವು. ಒಂದು ಮೂಲೆ ಪೂರ್ತಿ ಬೆಳಗಿ ಉಳಿದ ಕೋಣೆ ಕತ್ತಲಲ್ಲಿ ಬಿಡುವುದಕ್ಕಿಂತ ಎಲ್ಲಾ ಕಡೆ ಒಂದೊಂದು ದೀಪ ಇರುವುದು ಮೇಲು ಅನ್ನುವುದು ನನ್ನ ಅನುಭವ.

ಗೊಂದಲ ಆದದ್ದು ಸಂಪಾದಕರ ಕಾಗದಗಳಲ್ಲಿ. ಅವರು 26 ವರ್ಷ ಸಂಪಾದಕರು, ಅದರಲ್ಲಿ ಹನ್ನೊಂದು ವರ್ಷ ಕಾರ್ಯದರ್ಶಿಯೂ ಹೌದು. ಒಂದೇ ಪತ್ರದಲ್ಲಿ ಮೊದಲ ಪ್ಯಾರಾ ಲೇಖನದ ಬಗ್ಗೆ, ಎರಡನೆಯದು ಮಗಳ ಮದುವೆಯ ಬಗ್ಗೆ. ಇಂಥದ್ದನ್ನು ಎಲ್ಲಿಡುವುದು ಹೇಳಿ? ನಾವು ಇಟ್ಟುಕೊಂಡ ನಿಯಮ ಸರಳ. ಸಂಘದ ಕಚೇರಿಯ ಬೀರುವಿನಲ್ಲಿ ಸಿಕ್ಕಿದ್ದು, ಕಟ್ಟಿನೊಳಗೆ ಇದ್ದದ್ದು, ಸಂಘದ್ದು. ಮದುವೆಯ ಪ್ಯಾರಾ ಸಮೇತ ಅಲ್ಲೇ ಇರುತ್ತದೆ. ಅವರ ಮನೆಯವರು ಆಮೇಲೆ ತಂದುಕೊಟ್ಟ ಟ್ರಂಕು ಅವರ ಸ್ವಂತ ಸಂಗ್ರಹ, ಅದಕ್ಕೆ ಬೇರೆ ಸಂಕೇತ, ಬೇರೆ ವಿವರಣೆ, ಎರಡರ ನಡುವೆ ಪರಸ್ಪರ ಉಲ್ಲೇಖ. ಹಾಗೆಯೇ ಸಂಘ ದಾನವಾಗಿ ಪಡೆದ, ಕೊಂಡ ಹಳೆಯ ಹಸ್ತಪ್ರತಿಗಳು ಸಂಘದ ದಾಖಲೆಗಳಲ್ಲ, ಅವು ಸಂಗ್ರಹ. ಅವನ್ನು ಪಡೆದ ಬಗೆಗಿನ ಪತ್ರ ಮಾತ್ರ ದಾಖಲೆ. ಹಸ್ತಪ್ರತಿಗಳನ್ನು ಗ್ರಂಥಾಲಯಕ್ಕೆ ಕೊಟ್ಟೆವು.

ಹಣಕಾಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೆಡ್ಜರು, ವಾರ್ಷಿಕ ಲೆಕ್ಕ ಎಲ್ಲವನ್ನೂ ಉಳಿಸಿಕೊಂಡೆವು, ಒಂದೇ ಸುತ್ತೋಲೆಯ ಎಪ್ಪತ್ತು ಪ್ರತಿ ಇದ್ದರೆ ಮೂರು ಇಟ್ಟುಕೊಂಡು ಉಳಿದವನ್ನು ವಿಲೇವಾರಿ ಮಾಡಿದೆವು. ಆದರೆ ಎಪ್ಪತ್ತನ್ನೂ ಒಂದೊಂದಾಗಿ ತಿರುವಿ ನೋಡಿದ ಮೇಲೆ, ಯಾಕೆಂದರೆ ಅದರಲ್ಲಿ ಒಂದರ ಹಿಂದೆ ಅಧ್ಯಕ್ಷರು ತಮ್ಮ ಭಾಷಣದ ಟಿಪ್ಪಣಿ ಬರೆದುಕೊಂಡಿದ್ದರು. ವಿಲೇವಾರಿ ಪಟ್ಟಿಗೆ ಕಾರ್ಯದರ್ಶಿಗಳ ಸಹಿ ತೆಗೆದುಕೊಂಡೇ ಕಳಿಸಿದ್ದು.

ಮುಚ್ಚಿದ ಲಕೋಟೆ

ಬಹುಮಾನದ ಸರಣಿಯಲ್ಲಿ ಅರಗಿನ ಮುದ್ರೆ ಹಾಕಿದ ಲಕೋಟೆಯೊಂದು ಸಿಕ್ಕಿತು. ಮೇಲೆ ‘ಸಮಿತಿಯ ಅನುಮತಿ ಇಲ್ಲದೆ ತೆರೆಯಬಾರದು’ ಅಂತ ಬರಹ. ಎಲ್ಲರಿಗೂ ಕುತೂಹಲ. ನಾನು ತೆರೆಯಲು ಬಿಡಲಿಲ್ಲ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಇಂಥ ಮುಚ್ಚಿದ ಲಕೋಟೆಗಳದೇ ಒಂದು ಪದ್ಧತಿ ಇದೆ. ತನ್ನ ಶೋಧ ತನಗೇ ಮೊದಲು ಹೊಳೆದದ್ದು ಅಂತ ಮುಂದೆ ತೋರಿಸಲು ಬೇಕಾಗುತ್ತದೆ ಅಂತ ವಿಜ್ಞಾನಿ ಮುದ್ರೆ ಹಾಕಿ ಅಲ್ಲಿ ಒಪ್ಪಿಸುತ್ತಾನೆ. ವೋಲ್ಫ್‌ಗಾಂಗ್ ಡೋಬ್ಲಿನ್ ಎಂಬ ತರುಣ ಗಣಿತಜ್ಞ ಯುದ್ಧದ ಮುಂಚೂಣಿಯಿಂದ 1940ರ ಫೆಬ್ರವರಿಯಲ್ಲಿ ಅಂಥದ್ದೊಂದು ಕಳಿಸಿದ, ಅದೇ ವರ್ಷ ತೀರಿಕೊಂಡ. ಅದನ್ನು ತೆರೆದದ್ದು 2000ದಲ್ಲಿ, ಮನೆಯವರ ಒಪ್ಪಿಗೆ ಪಡೆದು. ಆಮೇಲೆ ಬೇರೆಯವರು ಕಂಡುಕೊಂಡ ಎಷ್ಟೋ ಸಂಗತಿಗಳು ಅದರಲ್ಲಿ ಆಗಲೇ ಇದ್ದವು. ಅಷ್ಟು ವರ್ಷ ಯಾರೂ ಅದನ್ನು ಕಳೆಯಲಿಲ್ಲ, ಕುತೂಹಲಕ್ಕೆ ಹರಿಯಲೂ ಇಲ್ಲ. ನಮ್ಮ ಲಕೋಟೆಯನ್ನು ಹೊರಗಿನಿಂದಲೇ ವಿವರಿಸಿ, ಅಳತೆ, ಮುದ್ರೆಯ ಫೋಟೋ ಸಹಿತ ಸಮಿತಿಯ ಮುಂದಿಟ್ಟೆವು. ಸಮಿತಿ ಇನ್ನೂ ತೀರ್ಮಾನ ಮಾಡಿಲ್ಲ, ಅದು ಅದರ ಜಾಗದಲ್ಲೇ ಇದೆ.

ತಜ್ಞರ ಅಭಿಪ್ರಾಯಗಳನ್ನು ಯಾರಿಗೆ ತೋರಿಸಬೇಕು ಅನ್ನುವುದೂ ಸಮಿತಿಗೆ ಹೋಯಿತು. ಗುಟ್ಟಾಗಿರುತ್ತದೆ ಅಂತ ನಂಬಿ ಬರೆದವು ಅವು. 50 ವರ್ಷ ದಾಟಿದವನ್ನು ತೆರೆಯುವುದು, ಉಳಿದವನ್ನು ಮುಚ್ಚಿಡುವುದು ಅಂತಾಯಿತು. ಮುಚ್ಚಿಟ್ಟಿದ್ದೂ ಪಟ್ಟಿಯಲ್ಲಿ ಕಾಣಬೇಕು, ಯಾವಾಗ ತೆರೆಯುತ್ತದೆ ಅಂತ ವರ್ಷ ಹಾಕಬೇಕು ಅನ್ನುವುದಕ್ಕೆ ಮಾತ್ರ ನಾನು ಹಟ ಹಿಡಿದೆ.

ಹಿರಿಯರ ವಿಷಯಗಳು ವ್ಯರ್ಥವಾಗಲಿಲ್ಲ. ಅವರು ಪ್ರತಿ ಹಾಳೆ ಓದಿ, ಇದು ಇಂಥ ವಿಷಯದ್ದು ಅಂತ ತೀರ್ಮಾನಿಸಿದ್ದರು, ಅಂಥ ಓದು ನಮ್ಮಿಂದ ಆಗುತ್ತಿರಲಿಲ್ಲ. ಅವರ ಪೆಟ್ಟಿಗೆಯ ಹೆಸರು ಈಗ ಫೈಲು, ಹಾಳೆಗಳ ವಿವರಣೆಯಲ್ಲಿ ವಿಷಯಪದವಾಗಿ ಕೂತಿದೆ. ಪಟ್ಟಿಯನ್ನು ಆ್ಯಕ್ಸೆಸ್ ಟು ಮೆಮೊರಿ ಎಂಬ ಉಚಿತ ಸಾಫ್ಟ್‌ವೇರಿಗೆ ಏರಿಸಿದ್ದೇವೆ, ಅದರಲ್ಲಿ ‘ಸಸ್ಯಶಾಸ್ತ್ರ’ ಅಂತ ಹುಡುಕಿದರೆ ಹಳೆಯ ಪೆಟ್ಟಿಗೆ 14 ಇದ್ದಹಾಗೇ ಪರದೆಯ ಮೇಲೆ ಬರುತ್ತದೆ. ಕಪಾಟಿನಲ್ಲಿ ಕಾಗದ ಒಂದೇ ಕ್ರಮದಲ್ಲಿ ಕೂರಬೇಕು, ಹುಡುಕುವ ದಾರಿ ಎಷ್ಟು ಬೇಕಾದರೂ ಇರಬಹುದು. ಅವರನ್ನು ಕರೆದು ತೋರಿಸಿದಾಗ ಅವರೇ ಒಂದಿಷ್ಟು ಪದ ತಿದ್ದಿಕೊಟ್ಟರು.

ಎಲ್ಲಾ ಮುಗಿದ ಮೇಲೂ ಮೂರು ಪೆಟ್ಟಿಗೆಯಷ್ಟು ಹಾಳೆಗಳಿಗೆ ಜೋಡಿ ಸಿಗಲಿಲ್ಲ. ಅಂದಾಜಿನ ಮೇಲೆ ಎಲ್ಲೋ ತುರುಕಲಿಲ್ಲ. ‘ಜೋಡಿ ಸಿಗದವು’ ಅಂತಲೇ ಬರೆದು, ಯಾವ ಪೆಟ್ಟಿಗೆಯಿಂದ ಬಂದವು ಅನ್ನುವುದನ್ನು ಸೇರಿಸಿ ಇಟ್ಟಿದ್ದೇವೆ.

ಆ ಅರ್ಧ ಪುಟದ ಹಾಳೆಗೆ ಜೋಡಿ ಸಿಕ್ಕಿದ್ದು ಒಂಬತ್ತನೇ ತಿಂಗಳಲ್ಲಿ. ‘ಇತರೆ’ ಪೆಟ್ಟಿಗೆಯ ತಳದಲ್ಲಿದ್ದ ಒಂದು ಹೊದಿಕೆ ಹಾಳೆಯ ಮೂಲೆಯಲ್ಲಿ ಅದೇ ಎರಡು ತೂತು, ಅದೇ ಓರೆ. ಹೊದಿಕೆಯ ಮೇಲೆ ಇನ್‌ವರ್ಡ್ ನಂಬರ್ ಇತ್ತು. ರಿಜಿಸ್ಟರಿನಿಂದ ಲೇಖಕರ ಹೆಸರು ಸಿಕ್ಕಿತು, ನಡಾವಳಿಯಿಂದ ಸಭೆಯ ತಾರೀಕು, ತೆಳು ಹಾಳೆಯ ಪುಸ್ತಕದಿಂದ ಲೇಖಕರಿಗೆ ಹೋದ ಪತ್ರ. ವಿಷಯ ಸಸ್ಯಶಾಸ್ತ್ರವೇ ಅಲ್ಲ, ಶಾಸನಗಳಲ್ಲಿ ಬರುವ ಮರಗಳ ಹೆಸರಿನ ಬಗ್ಗೆ. ಮೊದಲ ಭಾಗ ಸಂಘದ ಪತ್ರಿಕೆಯಲ್ಲಿ ಅಚ್ಚಾಗಿದೆ, ಎಲ್ಲರೂ ಓದಿದ್ದಾರೆ. ಕೈಬಿಟ್ಟ ಎರಡನೇ ಭಾಗ ‘ಭಾಷೆ’ ಪೆಟ್ಟಿಗೆಯಲ್ಲಿ ಹೆಸರಿಲ್ಲದ ಟಿಪ್ಪಣಿ ಅಂತ ಇತ್ತು. ಹದಿಮೂರು ಹಾಳೆ. ಮೂಲೆಯ ತುಕ್ಕು ಸರಿಯಾಗಿ ಹೊಂದಿತು. ಈಗ ಅಭಿಪ್ರಾಯದ ಅರ್ಧ ಪುಟ, ಹೊದಿಕೆ, ಆ ಹದಿಮೂರು ಹಾಳೆ ಒಂದೇ ಮಡಿಕೆಯಲ್ಲಿವೆ. ಮೊನ್ನೆ ಒಬ್ಬ ವಿದ್ಯಾರ್ಥಿನಿ ಬಂದು ಅದನ್ನು ಕೇಳಿ ತೆಗೆಸಿಕೊಂಡಳು, ಸಂಜೆಯವರೆಗೂ ಕೂತು ನಕಲು ಮಾಡಿಕೊಂಡಳು.